ಕುಯ್ಯೋ ಭಯ, ಕುಯ್ಯದ ಭಯ

ಆಪರೇಶನ್ ಥಿಯೇಟರಿನ ಬಾಗಿಲ ಹತ್ತಿರ ಬಂದ ಕೂಡಲೇ ಎಂಥ ಗಟ್ಟಿ ಆಳಿನ ಬುದ್ಧಿಯೂ ಒಂದು ಮಾರು ದೂರ ಹೋಗಿ ನಿಲ್ಲುತ್ತದೆ. ಅದು ಹಾಗೆ ದೂರ ನಿಂತಿರುವಷ್ಟು ಹೊತ್ತು ಒಳಗೋ ಹೊರಗೋ ಏನಾದರೊಂದು ಎಡವಟ್ಟು ನಡೆಯುತ್ತಲೇ ಇರುತ್ತದೆ. ನಾನು ಥಿಯೇಟರ್ ಸಿಸ್ಟರ್. ಮೊದಲು ಮಳವಳ್ಳಿಯಲ್ಲಿದ್ದೆ, ಆಮೇಲೆ ಮದ್ದೂರು, ಈಗ ಮಂಡ್ಯದ ಒಂದು ನರ್ಸಿಂಗ್ ಹೋಮು. ಹನಕೆರೆಯ ನಮ್ಮ ಮನೆಯಿಂದ ರೈಲು ಹತ್ತಿ ಕೆಲಸಕ್ಕೆ ಬರುತ್ತೇನೆ. ರೈಲಿನಲ್ಲಿ ಪಕ್ಕ ಕೂತವರು ನನ್ನ ಕೆಲಸ ಯಾವುದು ಅಂತ ಕೇಳಿ, ಹೇಳಿದ ಮೇಲೆ ಸ್ವಲ್ಪ ಆಚೆ ಸರಿದು ಕೂರುವುದೂ ಉಂಟು.

ನಾನು ಸೇರಿದ ಕಾಲದಲ್ಲಿ ಆಪರೇಶನ್ ಎಂದರೆ ಗೇಣುದ್ದ ಕುಯ್ಯುವುದು, ದಾರದಲ್ಲಿ ಹೊಲಿಯುವುದು, ವಾರಗಟ್ಟಲೆ ಮಲಗಿಸುವುದು. ಈಗ ಅದೇ ಕಾಯಿಲೆಗೆ ಸಣ್ಣ ತೂತು, ಒಂದು ಕ್ಯಾಮೆರಾ, ಒಂದು ಟಿವಿ. ಜನ ಆಗಲೂ ಹೆದರುತ್ತಿದ್ದರು, ಈಗಲೂ ಹೆದರುತ್ತಾರೆ. ಆಗ ಕುಯ್ಯುತ್ತಾರಲ್ಲ ಅಂತ, ಈಗ ಕುಯ್ಯಲೇ ಇಲ್ಲವಲ್ಲ ಅಂತ.

ಯಾರದೋ ಕಾಲು

ಮಳವಳ್ಳಿಯಲ್ಲಿದ್ದಾಗಿನ ಮಾತು. ಕಬ್ಬಿನ ಗದ್ದೆಯ ಬದುವಿನಿಂದ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ ಗೌಡರೊಬ್ಬರು ಬಂದರು. ಒಳ್ಳೇ ಎತ್ತರದ ಆಳು. ಬೆದರಿದ ಜೋಡೆತ್ತನ್ನು ಒಬ್ಬರೇ ಹಿಡಿದು ನಿಲ್ಲಿಸುವಂಥ ತೋಳು. ಮುಂಚೆಯಾಗಿದ್ದರೆ ಇಂಥ ಕಾಲಿಗೆ ತೊಡೆಯವರೆಗೂ ಸಿಮೆಂಟು ಕಟ್ಟಿ ತಿಂಗಳುಗಟ್ಟಲೆ ಮಂಚದಲ್ಲಿ ಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಮೂಳೆಯೊಳಗೆ ಸರಳು ಕೂರಿಸಿ ಬೇಗ ಎಬ್ಬಿಸಿ ನಡೆಸುವ ಪದ್ಧತಿ ನಮ್ಮ ಕಡೆಗೂ ಬಂದಿತ್ತು.

ಗೌಡರಿಗೆ ಸರಳಿನ ಭಯ ಇರಲಿಲ್ಲ, ಮಂಪರಿನ ಭಯ ಇತ್ತು. ಅವರ ಸೋದರಮಾವ ಯಾವ ಕಾಲದಲ್ಲೋ ಮೂಗಿಗೆ ಔಷಧಿ ಹಿಡಿಸಿಕೊಂಡು ಮಲಗಿದವರು ಮತ್ತೆ ಏಳಲೇ ಇಲ್ಲವಂತೆ. ಸ್ಟ್ರೆಚರಿನ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡರು.

"ಎದ್ದೇಳ್ತೀನಾ ಸಿಸ್ಟ್ರಮ್ಮ?"

"ನಿಮಗೆ ನಿದ್ದೆ ಬರಿಸೋದೇ ಇಲ್ಲ ಗೌಡ್ರೇ. ಬೆನ್ನಿಗೆ ಒಂದು ಇಂಜೆಕ್ಷನ್ ಅಷ್ಟೆ. ಸೊಂಟದಿಂದ ಕೆಳಗೆ ಮಾತ್ರ ಜೋಮು ಹಿಡಿಯುತ್ತೆ. ನೀವು ಎಚ್ಚರವಾಗೇ ಇರ್ತೀರ," ಅಂದೆ, ಧೈರ್ಯ ತುಂಬುವವಳ ಹಾಗೆ.

ಅವರ ಮುಖ ಇನ್ನಷ್ಟು ಬಿಳುಚಿತು. "ಎಚ್ಚರವಾಗೇ ಇರ್ತೀನಾ? ಕುಯ್ಯಾದ ನಾನೇ ನೋಡ್ಬೇಕಾ?"

ಬೆನ್ನಿಗೆ ಇಂಜೆಕ್ಷನ್ ಆಯಿತು. ಎದೆಯ ಮೇಲೆ ಅಡ್ಡಲಾಗಿ ಒಂದು ಹಸಿರು ಬಟ್ಟೆ ಕಟ್ಟಿದೆವು, ಆಚೆಗೆ ನಡೆಯುವುದು ಕಾಣಬಾರದು ಅಂತ. ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳಿಸುತ್ತದಲ್ಲ. ಬಟ್ಟೆಯ ಆಚೆ ಡಾಕ್ಟರು ಕೈಗೆ ಗ್ಲೌಸು ಹಾಕಿಕೊಳ್ಳುತ್ತಾ, "ಅಯ್ಯೋ, ಹರಿದೇಹೋಯ್ತಲ್ಲ. ಸಿಸ್ಟರ್, ಬೇರೆ ಒಂದು ಕೊಡಿ," ಎಂದರು.

ಈಚೆಯಿಂದ ಗೌಡರು ಕಿರುಚಿದರು. "ಏನ್ ಅರಿದೋಯ್ತು ಸಾ? ಬ್ಯಾರೆದು ಎಲ್ಲಿಂದ ತತ್ತೀರಿ?"

ಗ್ಲೌಸು ಅಂತ ತೋರಿಸಿ ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು. ಆಮೇಲೆ ಕಾಲಿಗೆ ಔಷಧಿ ಬಳಿಯಬೇಕಿತ್ತು. ಅದಕ್ಕೆ ಇಬ್ಬರು ಸೇರಿ ಕಾಲನ್ನು ಎತ್ತಿ ಹಿಡಿದರು. ಗೌಡರ ಕಾಲು ಉದ್ದ, ಕಟ್ಟಿದ ಬಟ್ಟೆ ಗಿಡ್ಡ. ಹಳದಿ ಔಷಧಿ ಬಳಿದ ಪಾದವೊಂದು ಮೆಲ್ಲಗೆ ಬಟ್ಟೆಯ ಮೇಲಕ್ಕೆ ಎದ್ದು ಅವರ ಕಣ್ಣೆದುರಿಗೆ ಬಂತು. ಜೋಮು ಹಿಡಿದವರಿಗೆ ತಮ್ಮ ಕಾಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮಲಗಿದಾಗ ಹೇಗಿತ್ತೋ ಹಾಗೇ ಇದೆ ಅಂದುಕೊಂಡಿರುತ್ತಾರೆ.

ಗೌಡರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು. "ಸಿಸ್ಟ್ರಮ್ಮ... ಯಾರ್ದೋ ಕಾಲು ತಂದು ನನ್ ಮ್ಯಾಲೆ ಮಡಗ್ತಾವ್ರೆ. ತೆಗಸವ್ವ."

"ನಿಮ್ಮದೇ ಗೌಡ್ರೇ."

"ನಂದಲ್ಲ! ನನ್ ಕಾಲು ಎಲ್ಡೂ ಕೆಳೀಕೆ ನೆಟ್ಗೆ ಮಡಗಿವ್ನಿ!"

"ನೋಡಿ, ಹೆಬ್ಬೆರಳಿನ ಮೇಲೆ ಮಚ್ಚೆ ಇದೆ. ನಿಮಗೂ ಇದೆಯಲ್ಲ?"

ಮಚ್ಚೆಯನ್ನು ಅವರು ತುಂಬ ಹೊತ್ತು ದಿಟ್ಟಿಸಿದರು. ಗುರುತು ಹತ್ತಿತು. ಆದರೆ ಭಯ ಹೋಗಲಿಲ್ಲ, ಸಿಟ್ಟಾಗಿ ತಿರುಗಿತು.

"ನಂದೇ ಆಗಿದ್ರೆ," ಅಂದರು, "ನನ್ನ ಒಂದ್ ಮಾತು ಕೇಳ್ದಲೆ ಎಂಗೆ ಎದ್ದೋಯ್ತು?"

ಇದು ನನ್ನ ಕಣ್ಣಲ್ಲ

ಮದ್ದೂರಿನಲ್ಲಿ ಒಮ್ಮೆ ಕಣ್ಣಿನ ಪೊರೆ ತೆಗೆಯುವ ಕ್ಯಾಂಪು ನಡೆಯಿತು. ಕೊಕ್ಕರೆ ಬೆಳ್ಳೂರಿನ ಕಡೆಯಿಂದ ಒಬ್ಬ ಅಜ್ಜಿಯನ್ನು ಸೊಸೆ ಕರೆದುಕೊಂಡು ಬಂದಿದ್ದಳು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಮನೆ ಮುಂದಿನ ಹುಣಸೆಮರದಲ್ಲಿ ಕೊಕ್ಕರೆಗಳು ಬಂದಿವೆ ಅನ್ನುವುದನ್ನು ಸದ್ದು ಕೇಳಿ, ವಾಸನೆ ಹಿಡಿದು ತಿಳಿದುಕೊಳ್ಳುತ್ತಿದ್ದರಂತೆ. ಒಲೆಯ ಮೇಲಿನ ಬಿಸಿನೀರಿನ ಪಾತ್ರೆಯೊಳಕ್ಕೆ ಕೈ ಇಟ್ಟು ಸುಟ್ಟುಕೊಂಡ ಮೇಲೆ ಸೊಸೆ ಹಟ ಹಿಡಿದು ಬಸ್ಸು ಹತ್ತಿಸಿದ್ದಳು.

ಹೆದರಿಕೆಗೆ ಅಜ್ಜಿಯ ಮೈಯಲ್ಲಿ ಜೀವವೇ ಇರಲಿಲ್ಲ. ಅವರ ಅಕ್ಕನಿಗೆ ಹಳೇ ಕಾಲದಲ್ಲಿ ಇದೇ ಆಪರೇಶನ್ ಆಗಿತ್ತು. ಆಗೆಲ್ಲ ಕಣ್ಣು ಅಗಲವಾಗಿ ಕುಯ್ದು ಹೊಲಿಗೆ ಹಾಕುತ್ತಿದ್ದರು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ನಗಲೂಬಾರದು. ಅಕ್ಕ ಹೆಣದ ಹಾಗೆ ಮಲಗಿದ್ದನ್ನು ನೋಡಿದ ತಂಗಿ ಇವರು. ಈಗ ಚುಚ್ಚುವುದೂ ಇಲ್ಲ, ಬರೀ ಹನಿ ಹಾಕಿ ಕಣ್ಣಿಗೆ ಜೋಮು ಹಿಡಿಸುತ್ತಾರೆ, ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿಕೊಂಡು ಹೊಸ ಗಾಜು ಕೂರಿಸುತ್ತಾರೆ ಅಂತ ಎಷ್ಟು ಹೇಳಿದರೂ ಅಜ್ಜಿ ನಂಬಲಿಲ್ಲ. ನನ್ನನ್ನು ಹತ್ತಿರ ಕರೆದು ಗುಟ್ಟಿನಲ್ಲಿ ಕೇಳಿದರು.

"ಕಣ್ಣ ಕಿತ್ತು ಬಟ್ಟಲಲ್ಲಿ ಆಕಿ ತೊಳೀತಾರಂತೆ, ದಿಟವಾ?"

"ಇಲ್ಲ ಅಜ್ಜಿ. ಕಣ್ಣು ಇದ್ದಲ್ಲೇ ಇರುತ್ತೆ."

"ನಂಗೆ ಸುಳ್ಳೇಳ್ಬ್ಯಾಡ ಕಣವ್ವ. ತೊಳಕಳ್ಳಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಇಲ್ಲಿ ನೋಡು, ಇಷ್ಟೊಂದು ಜನ ಸಾಲಾಗಿ ಕುಂತವ್ರೆ. ಎಲ್ಲಾರ್ದೂ ಕಿತ್ತು ಒಂದೇ ಕಡೆ ಮಡಗಿ, ಆಮ್ಯಾಕೆ ನಂದ ಇನ್ಯಾರಿಗೋ ಇಟ್ಬುಟ್ರೆ? ನೀ ನಿಂತ್ಕಂಡು ನೋಡ್ತಿರವ್ವ. ನಂಗೆ ನಂದೇ ಇಡ್ಲಿ."

ಅಷ್ಟು ಹೆದರಿದವರ ಜೊತೆ ವಾದ ಮಾಡುವ ಮನಸ್ಸು ಬರಲಿಲ್ಲ. "ಆಗಲಿ ಅಜ್ಜಿ, ನಾನೇ ನಿಂತು ನೋಡ್ಕೋತೀನಿ," ಎಂದೆ. ಆಪರೇಶನ್ ಉದ್ದಕ್ಕೂ ಅಜ್ಜಿ ಮನೆದೇವರ ಹೆಸರು ಹೇಳುತ್ತಲೇ ಇದ್ದರು. ಮುಗಿಯಿತು ಏಳಿ ಅಂದಾಗ "ಇನ್ನೂ ಸುರುವೇ ಮಾಡ್ನಿಲ್ವಲ್ಲ" ಎಂದರು.

ಮಾರನೇ ಬೆಳಿಗ್ಗೆ ಆಪರೇಶನ್ ಆದ ಕಣ್ಣಿನ ಪಟ್ಟಿ ಬಿಚ್ಚಿದೆವು. ಅಜ್ಜಿ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಕಿಟಕಿಯಾಚೆ ತಂತಿಯ ಮೇಲೆ ಕೂತ ಕಾಗೆ ನೋಡಿದರು. ಆಮೇಲೆ ತಮ್ಮ ಕೈಯ ಸುಟ್ಟ ಗಾಯ ನೋಡಿದರು. ನಗುತ್ತಾರೆ ಅಂತ ನಾವೆಲ್ಲ ಕಾದು ನಿಂತಿದ್ದರೆ ಅಜ್ಜಿಯ ಮುಖ ಗಾಬರಿಯಿಂದ ಚಿಕ್ಕದಾಯಿತು. ನನ್ನನ್ನು ಕೈ ಸನ್ನೆ ಮಾಡಿ ಕರೆದರು.

"ನಾ ಯೋಳ್ನಿಲ್ವಾ? ಇದು ನಂದಲ್ಲ ಕಣವ್ವ."

"ಯಾಕಜ್ಜಿ?"

"ನಂದ್ರಲ್ಲಿ ಇಷ್ಟು ಚೆಂದಾಗಿ ಕಾಣ್ತಾನೇ ಇರ್ನಿಲ್ಲ."

ನಾನು ಬಾಯಿ ಬಿಡುವುದರೊಳಗೆ ಅಜ್ಜಿ ಮಂಚದ ಕೆಳಗಿನ ಚೀಲಕ್ಕೆ ಕೈ ಹಾಕಿ ಸೊಸೆಗೆ ಹೇಳಿದರು. "ಬಿರ್ನೆ ನಡಿಯಮ್ಮಿ. ಇದ್ರ ಯಜಮಾನ್ರು ಎದ್ದು ಕೇಳ್ಕಂಡು ಬರಾದ್ರೊಳಗೆ ಊರು ಸೇರ್ಕಳಮ."

ಗಾಯ ಎಲ್ಲಿ?

ಮಂಡ್ಯಕ್ಕೆ ಬಂದ ಮೇಲಿನದು. ಬಸರಾಳು ಹೋಬಳಿಯ ಒಬ್ಬ ಯಜಮಾನರು ತಮ್ಮ ಮಗನಿಗೆ ಕಿಡ್ನಿ ಕಲ್ಲು ಅಂತ ಕರೆದುಕೊಂಡು ಬಂದರು. ಮಗ ಮದುವೆಯಾಗಿ ಮಕ್ಕಳಿರುವ ಗಂಡಸು, ನೋವಿಗೆ ಮುದುಡಿ ಹೋಗಿದ್ದ. ನೋವಿಗಿಂತ ಹೆಚ್ಚಾಗಿ ಅಪ್ಪನ ಮಾತಿಗೆ ಮುದುಡಿದ್ದ ಅಂತ ಆಮೇಲೆ ಗೊತ್ತಾಯಿತು. ಅಪ್ಪನಿಗೂ ಹಿಂದೆ ಇದೇ ಕಲ್ಲಿನ ಆಪರೇಶನ್ ಆಗಿತ್ತು. ಆಗ ಪಕ್ಕೆಯಿಂದ ಹೊಟ್ಟೆಯವರೆಗೆ ಕುಯ್ದು, ಕಿಡ್ನಿ ಸೀಳಿ ಕಲ್ಲು ತೆಗೆದಿದ್ದರು. ಆ ಗಾಯದ ಗುರುತು ಅವರಿಗೆ ಊರಲ್ಲಿ ಒಂದು ಬಿರುದಿನ ಹಾಗೆ. ಬಸ್ಸಿನಲ್ಲಿ, ಅರಳೀಕಟ್ಟೆಯಲ್ಲಿ, ಬೀಗರ ಮನೆಯಲ್ಲಿ ಅಂಗಿ ಎತ್ತಿ ತೋರಿಸಿದ್ದೇ ತೋರಿಸಿದ್ದು. ವಾರ್ಡಿಗೆ ಬಂದವರು ನನಗೂ ತೋರಿಸಿದರು. ಮಗನಿಗಂತೂ ರಾತ್ರಿಯಿಡೀ ವಿವರಿಸಿದ್ದರು.

"ಎದ್ದ ಮ್ಯಾಲೆ ಉರಿ ಅಂದ್ರೆ ಉರಿ ಕಣ್ಲಾ. ಕೆಮ್ಮುದ್ರೆ ಪಕ್ಕೆ ಬಿಚ್ಕಂಡೋದಂಗೆ ಆಯ್ತದೆ. ಒಂದು ಟ್ಯೂಬು ಆಕಿರ್ತಾರೆ, ಅದ ಕೀಳ್ವಾಗ ಜೀವ ಓಗಿ ಬತ್ತದೆ. ಎದರ್ಕಬ್ಯಾಡ."

ಮಗ ಬಿಳುಚಿಕೊಂಡು ಒಳಗೆ ಬಂದ. ಅವನ ಬಿ.ಪಿ. ನೋಡಿ ಮಂಪರು ಕೊಡುವ ಡಾಕ್ಟರೇ ಹೆದರಿದರು. ಹೊರಗೆ ಅಪ್ಪ ಕೂತಲ್ಲಿ ಕೂರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು ಪಕ್ಕೆ ಮುಟ್ಟಿಕೊಳ್ಳುತ್ತಿದ್ದರು. ಮಗ ಅನುಭವಿಸಬೇಕಾದ್ದನ್ನೆಲ್ಲ ತಾವು ಆಗಲೇ ಒಂದು ಸಲ ಅನುಭವಿಸಿದ್ದಾರಲ್ಲ, ಕಣ್ಣಲ್ಲಿ ನೀರು ತುಂಬಿತ್ತು.

ಮಗನನ್ನು ವಾರ್ಡಿಗೆ ತಂದ ಕೂಡಲೇ ಯಜಮಾನರು ಹೊದಿಕೆ ಸರಿಸಿ ಬಲ ಪಕ್ಕೆ ನೋಡಿದರು. ಏನೂ ಇಲ್ಲ. ಎಡ ಪಕ್ಕೆ ನೋಡಿದರು. ಏನೂ ಇಲ್ಲ. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದರು. ಅವರ ದನಿ ಏರಿತು. "ಆಪ್ರೇಸನ್ನೇ ಮಾಡ್ನಿಲ್ವಾ? ಏನಾಯ್ತು ಯೋಳಿ ಡಾಕ್ಟ್ರೇ! ಕೈಬುಟ್ಟೋಯ್ತಾ ನನ್ ಮಗಂದು?"

ನಮ್ಮ ದೊಡ್ಡ ಡಾಕ್ಟರು ಶಾಂತವಾಗಿ ಒಂದು ಶೀಶೆಯಲ್ಲಿ ಕಲ್ಲಿನ ಚೂರು ತೋರಿಸಿದರು. "ಪೂರ್ತಿ ತೆಗೆದಿದ್ದೀವಿ ಯಜಮಾನ್ರೇ. ಈಗ ಕುಯ್ಯೋ ಅಗತ್ಯವೇ ಇಲ್ಲ. ತೆಳ್ಳಗಿನ ದುರ್ಬೀನು ಒಳಗೆ ಕಳಿಸಿ, ಲೇಸರ್ ಬೆಳಕಿಂದ ಕಲ್ಲು ಪುಡಿ ಮಾಡಿ ತೆಗೆಯೋದು."

"ಕುಯ್ಯದಲೆ ದುರ್ಬೀನು ಎತ್ಲಾಗಿಂದ ಓಯ್ತು?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಡಾಕ್ಟರು ಯಜಮಾನರ ಕಿವಿಯ ಹತ್ತಿರ ಬಗ್ಗಿ, ಮೂತ್ರ ಬರುವ ದಾರಿಯಿಂದಲೇ ಅಂತ ಹೇಳಿದರು.

ಯಜಮಾನರು ಗೋಡೆಗೆ ಒರಗಿದರು. ಅವರ ಕೈ ತಾನಾಗಿ ತಮ್ಮ ಪಂಚೆಯ ಕಡೆ ಹೋಯಿತು. ತಮ್ಮ ಗೇಣುದ್ದದ ಗಾಯ ಅವರಿಗೆ ಅವತ್ತೇ ಮೊದಲ ಸಲ ಸಣ್ಣದಾಗಿ ಕಂಡಿರಬೇಕು. ಆಮೇಲೆ ಮಗನ ತಲೆ ಸವರಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದರು.

"ನೀನು ಯೋಚ್ನೆ ಮಾಡ್ಬ್ಯಾಡ ಮಗ. ಊರಲ್ಲಿ ಯಾರು ಕೇಳುದ್ರೂ ಹೊಟ್ಟೆ ಕುಯ್ದ್ರು ಅಂತ್ಲೇ ಯೋಳ್ತೀನಿ."

ಹೊಟ್ಟೆಯೊಳಗಿನ ಗ್ಯಾಸು

ಪಿತ್ತಕೋಶದ ಕಲ್ಲಿಗೆ ಕ್ಯಾಮೆರಾ ಆಪರೇಶನ್ ನಮ್ಮಲ್ಲಿ ಹೊಸದಾಗಿ ಶುರುವಾಗಿದ್ದ ದಿನಗಳು. ಹೊಟ್ಟೆಗೆ ಒಂದು ಬಗೆಯ ಗ್ಯಾಸು ತುಂಬಿ ಬಲೂನಿನ ಹಾಗೆ ಉಬ್ಬಿಸಿಕೊಂಡರೆ ಒಳಗೆಲ್ಲ ಚೆನ್ನಾಗಿ ಕಾಣುತ್ತದೆ. ಮುಗಿದ ಮೇಲೆ ಗ್ಯಾಸು ಬಿಟ್ಟು ತೂತು ಮುಚ್ಚುವುದು. ಸ್ವಲ್ಪ ಉಳಿದದ್ದು ತಾನಾಗಿ ಮೈಗೆ ಇಂಗಿ ಹೋಗುತ್ತದೆ. ಅದು ಒಳಗಿಂದ ಒತ್ತಿದಾಗ ನೋವು ಮಾತ್ರ ಹೆಗಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನೆಲ್ಲ ಮೊದಲೇ ಹೇಳಿಬಿಡಬೇಕು ಅಂತ ನಮಗಿನ್ನೂ ಅಭ್ಯಾಸವಾಗಿರಲಿಲ್ಲ.

ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬಳಿಗೆ ಆಪರೇಶನ್ ಆಯಿತು. ಅವಳ ಗಂಡ ಹೊರಗೆ ಕಾಯುತ್ತಿದ್ದಾಗ ನಮ್ಮ ವಾರ್ಡಿನವರು ಒಂದು ಸಿಲಿಂಡರನ್ನು ಉರುಳಿಸಿಕೊಂಡು ಒಳಗೆ ಹೋದರು. ಅವನು ಅದನ್ನು ನೋಡಿಬಿಟ್ಟ. ಅವರ ಊರಲ್ಲಿ ಅದೇ ವರ್ಷ ಯಾರದೋ ಅಡುಗೆಮನೆಯಲ್ಲಿ ಗ್ಯಾಸು ಸೋರಿ ಚಾವಣಿ ಹಾರಿಹೋಗಿತ್ತಂತೆ. ಸಂಜೆ ಹೆಂಡತಿ ಎಚ್ಚರಗೊಂಡು "ಹೆಗಲು ನೋಯ್ತದೆ" ಅಂದಳು. ಅವನು ಓಡಿ ಬಂದ.

"ಹೊಟ್ಟೆ ಆಪ್ರೇಸನ್ನು ಅಂದ್ರಿ, ಹೆಗಲು ನೋಯ್ತದೆ ಅಂತಾವ್ಳೆ! ಏನ್ ಮಾಡುದ್ರಿ ಒಳಗೆ?"

"ಏನಿಲ್ಲ ಅಣ್ಣ, ಸ್ವಲ್ಪ ಗ್ಯಾಸು ಒಳಗೆ ಉಳಿದಿರುತ್ತೆ. ಅದರ ನೋವು. ಒಂದೆರಡು ದಿನದಲ್ಲಿ ಹೋಗುತ್ತೆ," ಎಂದೆ ಕೆಲಸದ ಗಡಿಬಿಡಿಯಲ್ಲಿ.

ಅವನು ಏನೋ ಕೇಳಬೇಕು ಅಂತ ಬಾಯಿ ತೆರೆದು, ಹೆದರಿ, ಮುಚ್ಚಿಕೊಂಡ. ಅವತ್ತು ಸಂಜೆ ಪಕ್ಕದ ಮಂಚದವರು ಊದುಬತ್ತಿ ಹಚ್ಚಿದಾಗ ಅವನು ಹೋಗಿ ಆರಿಸಿ ಜಗಳವಾಡಿದ. ಯಾಕೆ ಅಂತ ನಮಗೆ ಯಾರಿಗೂ ಅರ್ಥವಾಗಲಿಲ್ಲ.

ಒಂದು ತಿಂಗಳಾದ ಮೇಲೆ ಇಬ್ಬರೂ ತೋರಿಸಲು ಬಂದರು. ಹೆಂಡತಿ ಮೈ ಕೈ ತುಂಬಿಕೊಂಡು, ಮುಖದಲ್ಲಿ ಕಳೆ ಏರಿ, ಹಬ್ಬಕ್ಕೆ ತೌರಿಗೆ ಬಂದವಳ ಹಾಗಿದ್ದಳು. ಗಂಡ ಸೊರಗಿದ್ದ. ಕೈಮೇಲೆಲ್ಲ ಸುಟ್ಟ ಬೊಬ್ಬೆ. ನನ್ನನ್ನು ಮೂಲೆಗೆ ಕರೆದು, "ಸಿಸ್ಟ್ರಮ್ಮ, ಒಳಗಿನ ಗ್ಯಾಸು ಪೂರ್ತಿ ಓಗ್ಬುಟ್ಟದಾ ನೋಡಿ ಯೋಳಿ. ಅವ್ಳ ಒಲೆ ತಾವಿಕೆ ಬುಟ್ಟಿಲ್ಲ ಇನ್ನೂವೆ. ನಾನೇ ಹಿಟ್ಟು ತೊಳಸ್ತಾ ಇವ್ನಿ," ಅಂದ. ಮುದ್ದೆಗೆ ರಾಗಿಹಿಟ್ಟು ತೊಳಸಿ ತೊಳಸಿ ಅವನ ರಟ್ಟೆ ಬಿದ್ದುಹೋಗಿತ್ತು. ಹೆಂಡತಿ ಬೆಂಕಿಯ ಹತ್ತಿರ ಹೋದರೆ ಮನೆಯೇ ಹಾರಿಹೋಗುತ್ತದೆ ಅನ್ನುವ ಭಯದಲ್ಲಿ ಅವನು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ನಗು ತಡೆದುಕೊಂಡು, ಈಗಲೇ ಡಾಕ್ಟರ ಬಾಯಲ್ಲೇ ಹೇಳಿಸುತ್ತೇನೆ ಅಂತ ಹೊರಟೆ. ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಹೆಂಡತಿ!

"ಅಕ್ಕ, ಒಸಿ ಉಳ್ಕಂಡದೆ ಅಂತ ಯೋಳು ಕಣಕ್ಕ," ಅಂದಳು. "ಸಂಕ್ರಾಂತಿಗಂಟ ಸಾಕು."

ಊದಿದ್ದಕ್ಕೆ ಬಂದ ಕರೆಂಟು

ಇದೂ ಮಂಡ್ಯದ್ದೇ ಮಾತು. ಆಗ ದೊಡ್ಡ ಡಾಕ್ಟರು ವಯಸ್ಸಾಯಿತು ಅಂತ ಆಪರೇಶನ್ ಬಿಟ್ಟಿದ್ದರು. ಅವರ ಜಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಬಂದಿದ್ದರು. ಒಳ್ಳೇ ಕೈ, ಮಾತು ಕಮ್ಮಿ. ನಮ್ಮ ಹನಕೆರೆಯದೇ ಒಂದು ಕಾಲೇಜು ಹುಡುಗಿಗೆ ಅಪೆಂಡಿಕ್ಸು. ಮಧ್ಯಾಹ್ನದ ಹೊತ್ತು. ಹುಡುಗಿಗೆ ಪೂರ್ತಿ ಮಂಪರು. ಹೊಟ್ಟೆಯೊಳಗೆ ಕ್ಯಾಮೆರಾ, ಎರಡು ಉದ್ದನೆಯ ಕತ್ತರಿ. ನಾವೆಲ್ಲ ಹುಡುಗಿಯ ಕಡೆ ನೋಡದೆ ಟಿವಿ ಕಡೆ ನೋಡುತ್ತಿದ್ದೆವು.

ಫಟ್ ಅಂತ ಕರೆಂಟು ಹೋಯಿತು. ಟಿವಿ ಕಪ್ಪಾಯಿತು. ತಾನಾಗಿ ಹತ್ತಿಕೊಳ್ಳಬೇಕಾದ ಬ್ಯಾಟರಿ ಅವತ್ತೇ ಕೈಕೊಟ್ಟಿತು. ಥಿಯೇಟರಿಗೆ ಕಿಟಕಿ ಇಲ್ಲ, ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಮಂಪರಿನ ಡಾಕ್ಟರು ಕತ್ತಲಲ್ಲೇ ಗಾಳಿಯ ಚೀಲ ಹಿಡಿದು ಕೈಯಿಂದ ಒತ್ತಿ ಹುಡುಗಿಗೆ ಉಸಿರು ಕೊಡುತ್ತಿದ್ದರು. ಉಸ್, ಉಸ್ ಅನ್ನುವ ಅದೊಂದೇ ಸದ್ದು.

"ಯಾರೂ ಅಲ್ಲಾಡಬೇಡಿ," ಅಂದರು ಲೇಡಿ ಡಾಕ್ಟರು. ದನಿ ಗಟ್ಟಿಯಾಗೇ ಇತ್ತು. ಒಳಗಿನ ಕತ್ತರಿ ಒಂದಿಷ್ಟು ಸರಿದರೆ ಏನಾಗಬಹುದು ಅಂತ ನಮ್ಮಿಬ್ಬರಿಗೂ ಗೊತ್ತು. "ಸಿಸ್ಟರ್, ಬೆಳಕು ಬರದಿದ್ದರೆ ಹೊಟ್ಟೆ ಓಪನ್ ಮಾಡಬೇಕಾಗುತ್ತೆ," ಅಂದರು ಮೆತ್ತಗೆ. ಹೊರಗೆ ವಾರ್ಡಿನವರು ಜನರೇಟರ್ ಎಳೆಯುತ್ತಿದ್ದರು. ಅದು ಕೆಮ್ಮುತ್ತಿತ್ತೇ ಹೊರತು ಹತ್ತಲಿಲ್ಲ.

ಆಗ ಥಿಯೇಟರಿನ ಬಾಗಿಲು ತೆರೆಯಿತು. ಒಂದು ಬೆಳಕು ಒಳಗೆ ಬಂತು. ದೇವರೇ ಬಂದ ಅಂದುಕೊಂಡೆ. ನೋಡಿದರೆ ಹುಡುಗಿಯ ತಾಯಿ. ಹೊರಗೆ ಗಣಪತಿ ಪಟದ ಮುಂದಿದ್ದ ಎಣ್ಣೆ ದೀಪವನ್ನು ಅಂಗೈಯಲ್ಲಿ ಮರೆ ಮಾಡಿಕೊಂಡು ತಂದಿದ್ದಾರೆ!

"ಕರೆಂಟು ಓಯ್ತಲ್ಲವ್ವ. ಮಗು ಕತ್ಲಲ್ಲಿ ಎದರ್ಕತದೆ ಅಂತ ದೀಪ ತಂದೆ."

ಒಳಗೆ ಆಕ್ಸಿಜನ್ ಹರಿಯುತ್ತಿದೆ. ಅದರ ಹತ್ತಿರ ಕಿಡಿ ಬಂದರೆ ಮುಗಿಯಿತು. ಮಂಪರಿನ ಡಾಕ್ಟರು "ದೀಪ! ದೀಪ!" ಅಂತ ಕಿರುಚಿದರು. ತಾಯಿ ಅದನ್ನು 'ಬೇಗ ತಾ' ಅಂತ ತಿಳಿದು ಇನ್ನೂ ಹತ್ತಿರ ಬಂದರು. ನಾನು ಅಡ್ಡ ನುಗ್ಗಿದೆ. ಆದರೆ ನನ್ನ ಕೈಯಲ್ಲಿ ಕ್ರಿಮಿಶುದ್ಧ ಮಾಡಿದ ಗ್ಲೌಸು, ಹೊರಗಿನದು ಏನನ್ನೂ ಮುಟ್ಟುವ ಹಾಗಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ದೀಪಕ್ಕೆ ಮುಖ ಒಡ್ಡಿ ಉಫ್ ಅಂತ ಊದಿದೆ. ಬಾಯಿಗೆ ಮಾಸ್ಕು ಕಟ್ಟಿದೆ ಅನ್ನುವುದೇ ಮರೆತಿತ್ತು. ಊದಿದ್ದೆಲ್ಲ ನನ್ನ ಮೂಗಿಗೇ ವಾಪಸು ಬಂತು. ಇನ್ನೂ ಜೋರಾಗಿ ಊದಿದೆ. ದೀಪ ಅಲ್ಲಾಡಲೂ ಇಲ್ಲ.

ಆ ತಾಯಿ ಭಕ್ತಿಯಿಂದ ತಲೆ ಬಗ್ಗಿಸಿದರು. "ಊದು ತಾಯಿ, ಊದು. ಮಗೀಗೆ ದೃಷ್ಟಿ ಆಗ್ಬುಟ್ಟದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ಮೂರನೇ ಸಲ ಊದಿದೆ. ಕರೆಂಟು ಬಂತು!

ಟಿವಿ ಹತ್ತಿಕೊಂಡಿತು. ಕತ್ತರಿ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ತಾಯಿಯನ್ನು ದೀಪ ಸಮೇತ ಹೊರಗೆ ಕಳಿಸಿದೆವು. ಆಪರೇಶನ್ ಮುಗಿಸಿ ಹೊರಗೆ ಬಂದ ಮೇಲೆ ಲೇಡಿ ಡಾಕ್ಟರು ಗೋಡೆ ಹಿಡಿದು ನೆಲದ ಮೇಲೇ ಕೂತರು. ನಾನೂ ಪಕ್ಕದಲ್ಲಿ ಕೂತೆ. ಹುಡುಗಿ ಚೆನ್ನಾಗಿ ಗುಣವಾಗಿ ಹೋದಳು.

ನಮ್ಮ ಊರಿನಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅವತ್ತಿಂದ ಬೀದಿಯಲ್ಲಿ ಕರೆಂಟು ಹೋದರೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಕೂಗುತ್ತಾರೆ.

"ಅಕ್ಕಾ, ಒಸಿ ಊದಿ!"

ನನ್ನ ಸರದಿ

ಊರಿಗೆಲ್ಲ ಧೈರ್ಯ ಹೇಳಿದವಳಿಗೆ ಒಂದು ದಿನ ಹೊಟ್ಟೆನೋವು ಬಂತು. ಬಲಗಡೆ ಪಕ್ಕೆಲುಬಿನ ಕೆಳಗೆ, ಊಟವಾದ ಮೇಲೆ, ಬೆನ್ನಿನವರೆಗೂ ಚುಚ್ಚುವ ನೋವು. ಏನು ಅಂತ ನನಗೆ ಅವತ್ತೇ ಗೊತ್ತಾಯಿತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ. ರೈಲಿನಲ್ಲಿ ತಿಂದ ವಡೆಯ ಮೇಲೆ ಹಾಕಿದೆ, ಗ್ಯಾಸ್ಟ್ರಿಕ್ ಅಂದೆ, ಜೀರಿಗೆ ನೀರು ಕುಡಿದೆ. ಕೊನೆಗೆ ಒಂದು ದಿನ ಕೆಲಸದ ಮಧ್ಯೆಯೇ ಕುಸಿದು ಕೂತಾಗ ಲೇಡಿ ಡಾಕ್ಟರು ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಪಿತ್ತಕೋಶದ ತುಂಬ ಕಲ್ಲು.

ಮೇಷ್ಟ್ರಾಗಿ ನಿವೃತ್ತರಾದ ನನ್ನ ಯಜಮಾನರು, "ನಿನಗೇನು ಭಯ? ದಿನಾ ನೋಡೋದೇ ತಾನೇ," ಅಂದರು. ದಿನಾ ನೋಡುವುದೇ ಭಯ ಅಂತ ಅವರಿಗೆ ಹೇಗೆ ಹೇಳಲಿ? ಗೊತ್ತಿಲ್ಲದವರಿಗೆ ಒಂದೇ ಭಯ. ನನಗೆ ಪ್ರತಿ ಕತ್ತರಿಯ ಹೆಸರೂ ಗೊತ್ತು, ಪ್ರತಿಯೊಂದರಿಂದ ಏನೇನು ಆಗಬಹುದು ಅಂತಲೂ ಗೊತ್ತು. ಆಪರೇಶನ್ನಿನ ಹಿಂದಿನ ರಾತ್ರಿ ಮಕ್ಕಳನ್ನು ಕರೆದು ಸೀರೆಗಳನ್ನು ಯಾರ್ಯಾರಿಗೆ ಕೊಡಬೇಕು ಅಂತ ಕೂಡ ಹೇಳಿಬಿಟ್ಟೆ.

ಟೇಬಲ್ಲಿನ ಮೇಲೆ ಮಲಗಿದೆ. ಇಷ್ಟು ವರ್ಷ ಆ ಕೋಣೆಯಲ್ಲಿ ಓಡಾಡಿದವಳು, ಅದರ ಚಾವಣಿಯನ್ನು ನೋಡಿದ್ದು ಅದೇ ಮೊದಲು. ಅಲ್ಲೊಂದು ಜೇಡರ ಬಲೆ ಇತ್ತು. "ಇದನ್ನ ಯಾರು ಕ್ಲೀನ್ ಮಾಡೋದು?" ಅಂದೆ. ಇಂಜೆಕ್ಷನ್ ತುಂಬಿಸುತ್ತಿದ್ದಾಗ "ಔಷಧಿಯ ತಾರೀಕು ನೋಡಿದ್ರಾ?" ಅಂದೆ. ಬಾಯಿ ನಿಲ್ಲಲೇ ಇಲ್ಲ. ಮಂಪರಿನ ಡಾಕ್ಟರು "ಸಿಸ್ಟರ್, ದಯವಿಟ್ಟು ಕಣ್ಣು ಮುಚ್ಚಿ," ಅಂತ ಕೈ ಮುಗಿದರು. ಮುಚ್ಚಿದೆ.

ಮುಂದಿನದು ನನಗೆ ನೆನಪಿಲ್ಲ. ಅವರೆಲ್ಲ ಹೇಳಿದ್ದು.

ಅದಕ್ಕೆ ಮೊದಲು ಒಂದು ಮಾತು. ಹೊಟ್ಟೆ ಅಗಲವಾಗಿ ಕುಯ್ಯುತ್ತಿದ್ದ ಕಾಲದಲ್ಲಿ ರಕ್ತ ಒರೆಸಲು ಕರವಸ್ತ್ರದಷ್ಟು ದೊಡ್ಡ ಬಟ್ಟೆ ಇಟ್ಟುಕೊಳ್ಳುತ್ತಿದ್ದೆವು, ಮಾಪ್ ಅಂತ. ಹೊಟ್ಟೆ ಮುಚ್ಚುವ ಮುಂಚೆ ಅವನ್ನು ಎಣಿಸುವುದು ಸಿಸ್ಟರ್ ಕೆಲಸ. ಲೆಕ್ಕ ತಪ್ಪಿದರೆ ಒಂದು ಒಳಗೇ ಉಳಿದಿರಬಹುದು, ರೋಗಿಯ ಪ್ರಾಣಕ್ಕೇ ಸಂಚಕಾರ. ಅದಕ್ಕೇ ಲೆಕ್ಕ ಸರಿಯಾಗುವ ತನಕ ಎಂಥ ದೊಡ್ಡ ಡಾಕ್ಟರಾದರೂ ನಾನು ಹೊಲಿಯಲು ಬಿಡುತ್ತಿರಲಿಲ್ಲ. ಈ ವಿಷಯದಲ್ಲಿ ನನ್ನ ಬಾಯಿಗೆ ಹೆದರದವರು ಮಂಡ್ಯದಲ್ಲಿ ಕಮ್ಮಿ.

ನನ್ನ ಆಪರೇಶನ್ ಚೆನ್ನಾಗೇ ಆಯಿತಂತೆ. ತೂತುಗಳಿಗೆ ಪಟ್ಟಿ ಅಂಟಿಸಿ, ಗಂಟಲಿನ ಕೊಳವೆ ತೆಗೆದು, ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ನಾನು ಸ್ಪಷ್ಟವಾಗಿ ಹೇಳಿದೆನಂತೆ.

"ಮಾಪ್ ಒಂದು ಕಡಿಮೆ ಇದೆ. ಹೊಟ್ಟೆ ಮುಚ್ಚಬೇಡಿ."

ನನ್ನ ಜಾಗದಲ್ಲಿ ನಿಂತಿದ್ದ ಹೊಸ ಸಿಸ್ಟರ್ ಅಳತೊಡಗಿದಳು. ಕಸದ ಬಕೆಟ್ ನೆಲಕ್ಕೆ ಸುರಿದು ಹುಡುಕಿದರು. ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಯಾರದಾದರೂ ಚಪ್ಪಲಿಗೆ ಅಂಟಿಕೊಂಡಿದೆಯೇನೋ ಅಂತ ಎಲ್ಲರೂ ಕಾಲೆತ್ತಿ ತೋರಿಸಿದರು. ಮಂಪರಿನ ಡಾಕ್ಟರು ನನ್ನ ಕಿವಿಯ ಹತ್ತಿರ ಬಂದು, "ಸಿಸ್ಟರ್, ಇನ್ನೊಂದ್ಸಲ ಸರಿಯಾಗಿ ಎಣಿಸಿ ಹೇಳಿ," ಅಂತ ಕೇಳಿದರಂತೆ, ಅರ್ಧ ಮಂಪರಿನಲ್ಲಿದ್ದ ನನ್ನನ್ನು!

"ಕಡಿಮೆ ಅಂದ್ರೆ ಕಡಿಮೆ," ಅಂತ ನಾನು ಗದರಿದೆನಂತೆ.

ಮಾಪಿನಲ್ಲಿ ಎಕ್ಸ್‌ರೇಗೆ ಕಾಣುವ ಎಳೆಯೊಂದು ಇರುತ್ತದೆ, ಅದಕ್ಕೆ ಎಕ್ಸ್‌ರೇ ಮೆಷಿನ್ ಬಂತು. ಅದು ಥಿಯೇಟರಿನೊಳಗೆ ಹೋಗುವುದನ್ನು ನೋಡಿ ಹೊರಗಿದ್ದ ನನ್ನ ಯಜಮಾನರಿಗೆ ಎದೆ ಹಿಡಿದುಕೊಂಡು ಬಂತು. ಅವರಿಗೊಂದು ಇ.ಸಿ.ಜಿ. ತೆಗೆದರು. ನನ್ನ ಎಕ್ಸ್‌ರೇಯಲ್ಲಿ 'ಏನೂ ಇಲ್ಲ' ಅಂತ ಬಂತು. ಅವರ ಇ.ಸಿ.ಜಿ.ಯಲ್ಲೂ ಅದೇ ಬಂತು.

ಸಂಜೆ ಪೂರ್ತಿ ಎಚ್ಚರವಾದ ಮೇಲೆ ಲೇಡಿ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಇದನ್ನೆಲ್ಲ ಹೇಳಿದರು. ಅವರ ಮುಖ ಇನ್ನೂ ಬಾಡಿತ್ತು. ನನಗೆ ನಾಚಿಕೆಯಾಯಿತು.

"ಅಲ್ಲ ಡಾಕ್ಟ್ರೇ, ನೀವು ಮಾಡಿದ್ದು ಕ್ಯಾಮೆರಾ ಆಪರೇಶನ್. ಆ ತೂತಿನಲ್ಲಿ ಮಾಪ್ ತಾನೇ ಹೇಗೆ ಒಳಗೆ ಹೋಗುತ್ತೆ?"

"ಹೋಗಲ್ಲ ಸಿಸ್ಟರ್. ಇವತ್ತು ಮಾಪಿನ ಕಟ್ಟು ಬಿಚ್ಚೇ ಇರಲಿಲ್ಲ."

"ಅದು ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು."

"ಮತ್ಯಾಕೆ ಹುಡುಕಿದ್ರಿ?"

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಅದನ್ನ ನಿಮಗೆ ಎದುರು ಹೇಳೋಕೆ ಯಾರಿಗೂ ಧೈರ್ಯ ಬರಲಿಲ್ಲ."